ಮಾರ್ಕೋನಹಳ್ಳಿಯ ನೀರಿಗೆ ಎಷ್ಟು ಕ್ಯಾಲೊರಿ?

ನೀರಿನ ಎಚ್‌ಪಿಯನ್ನು ಶಾಖದ ಲೆಕ್ಕಕ್ಕೆ ತಿರುಗಿಸುವುದು ಹೇಗೆಂದು ಕೇಳಿದ ಪತ್ರಗಳು ಈ ಬಾರಿ ಕುಣಿಗಲ್, ಗುಬ್ಬಿ, ತುಮಕೂರು ಕಡೆಯಿಂದಲೇ ಹೆಚ್ಚು ಬಂದಿವೆ. ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಶಾಲೆಯ ಮಕ್ಕಳನ್ನು ಮಾರ್ಕೋನಹಳ್ಳಿ ಜಲಾಶಯಕ್ಕೆ ಕರೆದೊಯ್ದಿದ್ದೆವು. ಸೈಫನ್‌ನಿಂದ ನೀರು ಧುಮುಕುವುದನ್ನು ಕಂಡು ಒಬ್ಬ ಹುಡುಗ ‘ಇದು ಎಷ್ಟು ಎಚ್‌ಪಿ?’ ಎಂದ. ಪಕ್ಕದಲ್ಲಿದ್ದ ಹುಡುಗಿ ‘ಎಷ್ಟು ಕ್ಯಾಲೊರಿ?’ ಎಂದಳು. ಎರಡಕ್ಕೂ ಉತ್ತರ ಇದೆಯೆ?
— ವಿಜ್ಞಾನ ಶಿಕ್ಷಕಿ, ಕುಣಿಗಲ್ ತಾಲ್ಲೂಕು

ಉತ್ತರ: ಇದೆ. ಹುಡುಗಿಯ ಪ್ರಶ್ನೆಗೆ ‘ಗಂಟೆಗೆ’ ಎಂಬ ಮಾತೊಂದನ್ನು ಸೇರಿಸಬೇಕು, ಅಷ್ಟೆ. ಕ್ಯಾಲೊರಿ ಶಕ್ತಿಯ ಅಳತೆ. ಎಚ್‌ಪಿ ಆ ಶಕ್ತಿ ಎಷ್ಟು ಬೇಗ ಖರ್ಚಾಗುತ್ತದೆ ಎಂಬುದರ ಅಳತೆ, ಅಂದರೆ ಸಾಮರ್ಥ್ಯ. ಹೋಲಿಸಬೇಕಾದದ್ದು ಎಚ್‌ಪಿ ಮತ್ತು ‘ಗಂಟೆಗೆ ಇಷ್ಟು ಕಿಲೊಕ್ಯಾಲೊರಿ’ ಇವೆರಡನ್ನು. ಈ ಒಂದು ವಿವೇಚನೆ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ನೀರಾವರಿಯವರು ನೀರನ್ನು ಅಳೆಯುವುದು ಕ್ಯುಸೆಕ್‌ನಲ್ಲಿ, ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ಒಂದು ಘನ ಅಡಿ ನೀರಿನ ತೂಕ 62.4 ಪೌಂಡ್. ಸೆಕೆಂಡಿಗೆ 550 ಪೌಂಡ್ ಭಾರವನ್ನು ಒಂದು ಅಡಿ ಎತ್ತುವ ಸಾಮರ್ಥ್ಯವೇ ಒಂದು ಎಚ್‌ಪಿ. 550ನ್ನು 62.4ರಿಂದ ಭಾಗಿಸಿದರೆ 8.8 ಬರುತ್ತದೆ. ಹಾಗಾಗಿ ಒಂದು ಕ್ಯುಸೆಕ್ ನೀರು 8.8 ಅಡಿ ಬಿದ್ದರೆ ಒಂದು ಎಚ್‌ಪಿ. ಮಕ್ಕಳಿಗೆ ಈ ಒಂದು ಸಂಖ್ಯೆ ಕಲಿಸಿ. ಯಾವ ಕೆರೆಯ ಕೋಡಿಯ ಮುಂದೆ ನಿಂತರೂ ಬಾಯಿಲೆಕ್ಕದಲ್ಲೇ ಹೇಳಬಲ್ಲರು.

ಲೆಕ್ಕಕ್ಕೆಂದು 1,000 ಕ್ಯುಸೆಕ್ ನೀರು 30 ಅಡಿ ಬೀಳುತ್ತಿದೆ ಎಂದಿಟ್ಟುಕೊಳ್ಳೋಣ. 30,000ವನ್ನು 8.8ರಿಂದ ಭಾಗಿಸಿದರೆ ಸುಮಾರು 3,400 ಎಚ್‌ಪಿ. ಒಂದು ಎಚ್‌ಪಿ ಎಂದರೆ 0.746 ಕಿಲೊವ್ಯಾಟ್, ಆದ್ದರಿಂದ ಇದು 2,540 ಕಿಲೊವ್ಯಾಟ್. ಒಂದು ಕಿಲೊವ್ಯಾಟ್ ಎಂದರೆ ಗಂಟೆಗೆ 860 ಕಿಲೊಕ್ಯಾಲೊರಿ, ಹಾಗಾಗಿ ಗಂಟೆಗೆ ಸುಮಾರು 21.8 ಲಕ್ಷ ಕಿಲೊಕ್ಯಾಲೊರಿ. ಬಿಟಿಯುನಲ್ಲಿ ಬೇಕೆಂದರೆ ಕಿಲೊವ್ಯಾಟಿಗೆ ಗಂಟೆಗೆ 3,412ರಂತೆ ಸುಮಾರು 87 ಲಕ್ಷ ಬಿಟಿಯು.

ಇದು ಕಾಗದದ ಮೇಲಿನ ಪರಿವರ್ತನೆ ಮಾತ್ರವಲ್ಲ, ಅದನ್ನು ಮಕ್ಕಳಿಗೆ ತಪ್ಪದೆ ಹೇಳಿ. ಸೈಫನ್‌ನಿಂದ ಇಳಿದ ನೀರು ಕೆಳಗೆ ನೊರೆಯೆದ್ದು, ಸುಳಿ ಸುಳಿಯಾಗಿ ಕುದಿದಂತೆ ಕಾಣುತ್ತದಲ್ಲ, ಆ ಜಾಗದಲ್ಲಿ 3,400 ಎಚ್‌ಪಿ ನಿಜವಾಗಿಯೂ ಶಾಖವಾಗುತ್ತಿರುತ್ತದೆ. ಅಣೆಕಟ್ಟಿನ ಬುಡ ಕೊರೆಯದಿರಲೆಂದು ಎಂಜಿನಿಯರುಗಳು ಬೇಕೆಂದೇ ನೀರಿನ ರಭಸವನ್ನು ಅಲ್ಲಿ ಕೊಲ್ಲುತ್ತಾರೆ. ಹಾಗಾದರೆ ನೀರು ಮುಟ್ಟಿದರೆ ಬಿಸಿ ಇರಬೇಕಲ್ಲ? ಸೆಕೆಂಡಿಗೆ ಹರಿಯುವ ನೀರು 28,300 ಕಿಲೋ, ಹುಟ್ಟುವ ಶಾಖ 607 ಕಿಲೊಕ್ಯಾಲೊರಿ. ಭಾಗಿಸಿದರೆ 0.02 ಡಿಗ್ರಿ ಸೆಲ್ಸಿಯಸ್. ಯಾವ ಕೈಗೂ ತಿಳಿಯದಷ್ಟು. ಸಾವಿರಾರು ಕುದುರೆಗಳ ಬಲ ಶಾಖದ ತಕ್ಕಡಿಯಲ್ಲಿ ಇಷ್ಟು ಹಗುರವಾಗಿ ತೂಗುವುದೇ ಈ ಪರಿವರ್ತನೆಯ ಮುಖ್ಯ ಪಾಠ ಎಂದು ನಾನು ನಂಬುತ್ತೇನೆ.

ಸೈಫನ್ ಬಗ್ಗೆ ಒಂದು ಮಾತು. ಮಟ್ಟ ಮೀರಿದಾಗ ಬಾಗಿಲು ಎತ್ತುವವರಿಲ್ಲದೆ ತಾನೇ ಹರಿಯತೊಡಗುವ ಆ ಕೊಳವೆಯ ಕೊರಳಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರುತ್ತದೆ. ಜಲಾಶಯದ ತುಂಬು ಮಟ್ಟ ಸಮುದ್ರದಿಂದ ಸುಮಾರು 731 ಮೀಟರ್. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು 9.5 ಮೀಟರ್ ನೀರನ್ನಷ್ಟೇ ತಡೆದು ನಿಲ್ಲಿಸಬಲ್ಲದು, ಕಡಲತೀರದಲ್ಲಾದರೆ 10.3 ಮೀಟರ್. ಒತ್ತಡ ಅತಿಯಾಗಿ ಕುಸಿದರೆ ತಣ್ಣೀರೇ ಆವಿಯಾಗಿ ಕೊಳವೆಯೊಳಗೆ ಗುಳ್ಳೆ ಏಳುತ್ತದೆ. ಅದೇ ಕಾರಣಕ್ಕೆ ಕುಣಿಗಲ್‌ನಲ್ಲಿ ಪಾತ್ರೆಯ ನೀರು 100 ಡಿಗ್ರಿಗೆ ಮೊದಲೇ, 97.6 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ನೀರಿನ ಒತ್ತಡವನ್ನೂ ಶಾಖವನ್ನೂ ಒಟ್ಟಿಗೆ ತೋರಿಸಲು ಶಿಕ್ಷಕರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

ಪ್ರಶ್ನೆ: ಇಷ್ಟು ನೀರು ಇಟ್ಟುಕೊಂಡು ಮಾರ್ಕೋನಹಳ್ಳಿಯಲ್ಲಿ ಕರೆಂಟ್ ಏಕೆ ತೆಗೆಯಬಾರದು? ರಾಯಚೂರಿನಲ್ಲಿ ಕಲ್ಲಿದ್ದಲು ಸುಡುವುದು ಅಷ್ಟಾದರೂ ಉಳಿಯುವುದಿಲ್ಲವೆ? ನಮ್ಮ ಶಿಂಷಾ ನದಿಯ ಹೆಸರಿನಲ್ಲಿ ವಿದ್ಯುತ್ ಕೇಂದ್ರವೂ ಇದೆಯಲ್ಲ?
— ಪದವಿ ವಿದ್ಯಾರ್ಥಿ, ತುಮಕೂರು

ಉತ್ತರ: ಈ ಕಳಕಳಿ ನನಗೆ ತುಂಬ ಹಿಡಿಸಿತು. ಆದರೆ ಮನಸ್ಸು ಹೇಳಿದ್ದನ್ನು ಲೆಕ್ಕ ಒಪ್ಪಬೇಕಲ್ಲ. ಎರಡೂ ಪಕ್ಕದ ಮಣ್ಣಿನ ಏರಿ ಸುಮಾರು 1,470 ಮೀಟರ್, ನಡುವಿನ ಕಲ್ಲುಕಟ್ಟಡ 139 ಮೀಟರ್. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಈ ಅಣೆಕಟ್ಟು ಹಿಡಿಯುವ ನೀರು ಸುಮಾರು 2.4 ಟಿಎಂಸಿ, ಅಂದರೆ 6.8 ಕೋಟಿ ಘನ ಮೀಟರ್. ಒಂದು ಹನಿಯನ್ನೂ ಬಿಡದೆ ಅಷ್ಟೂ ನೀರನ್ನು ಸರಾಸರಿ 10 ಮೀಟರ್ ಕೆಳಕ್ಕೆ ಬೀಳಿಸಿದೆವು ಎಂದುಕೊಳ್ಳೋಣ. ಒಂದು ಘನ ಮೀಟರ್ ನೀರು 10 ಮೀಟರ್ ಬಿದ್ದರೆ 0.027 ಯೂನಿಟ್. ಒಟ್ಟು 18.5 ಲಕ್ಷ ಯೂನಿಟ್. ಟರ್ಬೈನ್ ಮತ್ತು ಜನರೇಟರ್‌ನಲ್ಲಿ ಸೋರಿದ್ದು ಕಳೆದು ಶೇ 85 ಉಳಿಯಿತು ಎಂದರೆ ಸುಮಾರು 15.7 ಲಕ್ಷ ಯೂನಿಟ್.

ರಾಯಚೂರು ಶಾಖೋತ್ಪನ್ನ ಕೇಂದ್ರದ ಸ್ಥಾಪಿತ ಸಾಮರ್ಥ್ಯ 1,720 ಮೆಗಾವ್ಯಾಟ್. ಪೂರ್ತಿ ಓಡಿದರೆ ಅದು ಒಂದು ಗಂಟೆಯಲ್ಲಿ 17.2 ಲಕ್ಷ ಯೂನಿಟ್ ಕೊಡುತ್ತದೆ. ನಮ್ಮ ಇಡೀ ಜಲಾಶಯ ಖಾಲಿಯಾದರೆ ಸಿಗುವುದು ರಾಯಚೂರಿನ 55 ನಿಮಿಷದ ದುಡಿಮೆ.

ಈಗ ಶಾಖದ ಲೆಕ್ಕ. ಇಲ್ಲಿ ಎರಡು ಉತ್ತರಗಳಿವೆ, ಪರೀಕ್ಷೆಗಳಲ್ಲಿ ಎಷ್ಟೋ ಮಂದಿ ಎಡವುವುದು ಇಲ್ಲೇ. 18.5 ಲಕ್ಷ ಯೂನಿಟ್ ಎಂದರೆ 159 ಕೋಟಿ ಕಿಲೊಕ್ಯಾಲೊರಿ. ಕಿಲೋಗೆ 4,000 ಕಿಲೊಕ್ಯಾಲೊರಿ ಕೊಡುವ ಕಲ್ಲಿದ್ದಲಾದರೆ 400 ಟನ್. ಇದು ಶುದ್ಧ ಪರಿವರ್ತನೆ. ಆದರೆ ಕಲ್ಲಿದ್ದಲಿನ ಶಾಖ ಪೂರ್ತಿ ವಿದ್ಯುತ್ ಆಗುವುದಿಲ್ಲ, ನೂರರಲ್ಲಿ ಸುಮಾರು 35 ಭಾಗ ಮಾತ್ರ ಆಗುತ್ತದೆ. ಅದೇ 15.7 ಲಕ್ಷ ಯೂನಿಟನ್ನು ಕಲ್ಲಿದ್ದಲಿನಿಂದ ತೆಗೆಯಲು ಸುಮಾರು 970 ಟನ್ ಸುಡಬೇಕು. 400 ಮತ್ತು 970, ಎರಡೂ ಸರಿ. ಮೊದಲನೆಯದು ‘ಇದು ಎಷ್ಟು ಶಾಖಕ್ಕೆ ಸಮ’ ಎಂಬುದಕ್ಕೆ ಉತ್ತರ, ಎರಡನೆಯದು ‘ಇದರ ಬದಲು ಎಷ್ಟು ಸುಡಬೇಕು’ ಎಂಬುದಕ್ಕೆ. ಬೀಳುವ ನೀರು ಪೂರ್ತಿ ಶಾಖವಾಗಬಲ್ಲದು. ಶಾಖ ಪೂರ್ತಿ ನೀರೆತ್ತುವ ಕೆಲಸವಾಗಲಾರದು. ಯಂತ್ರ ಎಷ್ಟೇ ಚೆನ್ನಾಗಿದ್ದರೂ ಒಂದಷ್ಟು ಶಾಖ ತಂಪು ನೀರಿಗೆ, ಗಾಳಿಗೆ ಹೋಗಲೇಬೇಕು. ಇದು ಎಂಜಿನಿಯರುಗಳ ಸೋಮಾರಿತನವಲ್ಲ, ಪ್ರಕೃತಿಯ ನಿಯಮ. ಆದ್ದರಿಂದ ಯಾರಾದರೂ ಮೆಗಾವ್ಯಾಟ್ ಎಂದರೆ ‘ಶಾಖದ ಮೆಗಾವ್ಯಾಟೋ, ವಿದ್ಯುತ್ತಿನ ಮೆಗಾವ್ಯಾಟೋ?’ ಎಂದು ಕೇಳಿ.

ಶಿಂಷಾ ಕೇಂದ್ರದ ವಿಷಯ: ಶಿಂಷಾಪುರದಲ್ಲಿ 1940ರಲ್ಲಿ ಶುರುವಾದ 17.2 ಮೆಗಾವ್ಯಾಟಿನ ಆ ಕೇಂದ್ರ ತಿರುಗುವುದು ಕಾವೇರಿಯಿಂದ ತಿರುಗಿಸಿದ ನೀರಿನಿಂದ, ನಮ್ಮ ತುಮಕೂರು ಕಡೆಯ ನೀರಿನಿಂದಲ್ಲ. ಹತ್ತಿರದ ಶಿವನಸಮುದ್ರ ಅದಕ್ಕೂ ಹಿರಿಯದು. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹೋಯಿತು, ಉಗಿಯಂತ್ರಗಳ ಜಾಗದಲ್ಲಿ ಮೋಟಾರುಗಳು ಬಂದವು. ಅಲ್ಲಿನ ಗುಟ್ಟು ಎತ್ತರ, ಸುಮಾರು 400 ಅಡಿಯ ಇಳಿತ. ಶರಾವತಿ ಕೇಂದ್ರದಲ್ಲಿ ಇಳಿತ 400 ಮೀಟರ್ ಮೀರುತ್ತದೆ. ನಮ್ಮ 2.4 ಟಿಎಂಸಿ ನೀರು ಅಲ್ಲಿದ್ದಿದ್ದರೆ 40 ಪಟ್ಟು ವಿದ್ಯುತ್ ಕೊಡುತ್ತಿತ್ತು. ಮಾರ್ಕೋನಹಳ್ಳಿಯ ನೀರಿನ ಬೆಲೆ ಅದರ ಎತ್ತರದಲ್ಲಿಲ್ಲ, ಅದು ನೆನೆಸುವ ಗದ್ದೆ ತೋಟಗಳಲ್ಲಿದೆ.

ಪ್ರಶ್ನೆ: ತೆಂಗು, ಅಡಿಕೆಗೆ 7.5 ಎಚ್‌ಪಿ ಸಬ್‌ಮರ್ಸಿಬಲ್ ಇಳಿಸಿದ್ದೇನೆ. ನೀರು 590 ಅಡಿಯಲ್ಲಿದೆ. 200 ಲೀಟರ್ ಡ್ರಮ್ ತುಂಬಲು ಎರಡು ಮುಕ್ಕಾಲು ನಿಮಿಷ ಬೇಕು. ಮೀಟರ್ ನೋಡಿದರೆ ಗಂಟೆಗೆ 7.4 ಯೂನಿಟ್ ಓಡುತ್ತದೆ. ಅಂಗಡಿಯವರು ಎಲ್ಲ ಸರಿ ಇದೆ ಎನ್ನುತ್ತಾರೆ. ಮೋಟಾರು ಮಾತ್ರ ಮೇಲಿಂದ ಮೇಲೆ ಸುಡುತ್ತಿದೆ. ನನ್ನ ಎಚ್‌ಪಿ ಎಲ್ಲಿ ಹೋಗುತ್ತಿದೆ?
— ರೈತ, ಗುಬ್ಬಿ ತಾಲ್ಲೂಕು

ಉತ್ತರ: ಡ್ರಮ್ ಮತ್ತು ಮೀಟರ್ ಎರಡನ್ನೂ ಅಳೆದಿದ್ದೀರಿ, ಬೇಕಾದ ಮುಕ್ಕಾಲು ಪಾಲು ಕೆಲಸ ಅದೇ. ನಿಮ್ಮ ಹರಿವು ನಿಮಿಷಕ್ಕೆ 72 ಲೀಟರ್, ಅಂದರೆ ಸೆಕೆಂಡಿಗೆ 1.2 ಲೀಟರ್. 590 ಅಡಿ ಎಂದರೆ 180 ಮೀಟರ್. ಸೆಕೆಂಡಿನ ಲೀಟರ್, ಎತ್ತರದ ಮೀಟರ್, 9.81 ಈ ಮೂರನ್ನೂ ಗುಣಿಸಿದರೆ ವ್ಯಾಟ್ ಸಿಗುತ್ತದೆ: ಸುಮಾರು 2,120 ವ್ಯಾಟ್, ಅಂದರೆ 2.8 ಎಚ್‌ಪಿ. ನೀರಿಗೆ ಸೇರಿದ್ದು ಇಷ್ಟು. ಮೀಟರ್ ಹೇಳುವುದು 7.4 ಕಿಲೊವ್ಯಾಟ್. ನೂರಕ್ಕೆ 29 ಭಾಗ ನೀರೆತ್ತಿತು, ಉಳಿದ 71 ಭಾಗ ಶಾಖವಾಯಿತು.

ಫಲಕದ ಮೇಲಿನ 7.5 ಎಚ್‌ಪಿ ಮೋಟಾರಿನ ದಂಡದ ಮೇಲೆ ಸಿಗುವ ಸಾಮರ್ಥ್ಯ. ಅದು ನೀರಿನ ಎಚ್‌ಪಿಯೂ ಅಲ್ಲ, ಮೀಟರಿನ ಎಚ್‌ಪಿಯೂ ಅಲ್ಲ. ಈ ಮೂರನ್ನೂ ಬೇರೆ ಬೇರೆಯಾಗಿ ಬರೆದು ಕೊಡದ ಹೊರತು ‘ಎಲ್ಲ ಸರಿ ಇದೆ’ ಎಂಬ ಮಾತಿಗೆ ಅರ್ಥವಿಲ್ಲ. ಹೊಸ ಪಂಪ್‌ಸೆಟ್ ನೂರಕ್ಕೆ 40ರಿಂದ 50 ಭಾಗವನ್ನಾದರೂ ನೀರಿಗೆ ಕೊಡಬೇಕೆಂದು ನಾನು ನಿರೀಕ್ಷಿಸುತ್ತೇನೆ. ನಿಮ್ಮದರಲ್ಲಿ ಇಂಪೆಲ್ಲರ್ ಸವೆದಿರಬಹುದು, ಪೈಪು ಕಿರಿದಾಗಿರಬಹುದು, ಜೋಡಣೆಯಲ್ಲಿ ಎಲ್ಲೋ ಸೋರುತ್ತಿರಬಹುದು. ಅಥವಾ ಪಂಪಿನ ಹಂತಗಳೇ ಈ ಆಳಕ್ಕೆ ಹೊಂದದಿರಬಹುದು.

ಆ ಶಾಖ ಹೋಗುವುದೆಲ್ಲಿಗೆ? ಬಹುಪಾಲು ನೀರಿನೊಳಗೇ. ಗಂಟೆಗೆ ಸುಮಾರು 4,540 ಕಿಲೊಕ್ಯಾಲೊರಿ, ಗಂಟೆಗೆ 4,320 ಕಿಲೋ ನೀರು. ಅಂದರೆ ನೀರು ಒಂದು ಡಿಗ್ರಿಯಷ್ಟು ಬಿಸಿಯಾಗಿ ಮೇಲೆ ಬರುತ್ತದೆ. ನೀರು ಹರಿಯುತ್ತಿರುವ ತನಕ ಅಪಾಯವಿಲ್ಲ, ಹರಿವೇ ಮೋಟಾರನ್ನು ತಂಪಾಗಿಡುತ್ತದೆ. ಬೇಸಿಗೆಯಲ್ಲಿ ಬೋರಿನ ನೀರು ಪಂಪಿನ ಕೆಳಗೆ ಇಳಿದಾಗಲೋ, ಗೇಟ್‌ವಾಲ್ವ್ ಮುಚ್ಚಿದ್ದಾಗಲೋ ಪಂಪು ಓಡಿದರೆ ಕಥೆ ಬೇರೆ. ಒಳಗೆ ಸಿಕ್ಕಿಬಿದ್ದ 10 ಲೀಟರ್ ನೀರಿಗೆ 3 ಕಿಲೊವ್ಯಾಟ್ ಶಾಖ ಸೇರುತ್ತಾ ಹೋದರೆ ನಿಮಿಷಕ್ಕೆ ನಾಲ್ಕು ಡಿಗ್ರಿಗಿಂತ ಹೆಚ್ಚು ಏರುತ್ತದೆ. ಹತ್ತು ನಿಮಿಷದಲ್ಲಿ 40 ಡಿಗ್ರಿ ದಾಟುತ್ತದೆ. ಪೂರ್ತಿ ಒಣಗಿದ್ದರೆ ಕರೆಂಟ್ ಕಡಿಮೆ ಎಳೆದರೂ ಶಾಖಕ್ಕೆ ಹೋಗಲು ದಾರಿಯೇ ಇರುವುದಿಲ್ಲ. ವೈಂಡಿಂಗ್ ಸುಡುವುದು ಹೀಗೆ. ರಾತ್ರಿ ಮೂರು ಫೇಸ್ ಬಂದಾಗ ಆಟೊ ಸ್ಟಾರ್ಟರ್ ತಾನೇ ಶುರು ಮಾಡಿ, ಅತ್ತ ನೀರಿಲ್ಲದೆ ಮೋಟಾರು ಓಡುತ್ತಿದ್ದರೆ ಮಲಗಿದವರಿಗೆ ತಿಳಿಯುವುದು ಹೇಗೆ? ನೀರು ನಿಂತ ಕೂಡಲೇ ಕಡಿತ ಮಾಡುವ ಡ್ರೈ ರನ್ ರಕ್ಷಣೆಯನ್ನು ಪ್ಯಾನೆಲ್‌ನಲ್ಲಿ ಹಾಕಿಸಿ. ಒಂದು ಸಲ ಮೋಟಾರು ಮೇಲೆತ್ತಿ ವೈಂಡಿಂಗ್ ಮಾಡಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಬಿಸಿ ಏರಿದ್ದನ್ನು ಅಳೆದು ದಕ್ಷತೆ ಕಂಡುಹಿಡಿಯುವ ವಿಧಾನ ದೊಡ್ಡ ಜಲವಿದ್ಯುತ್ ಯಂತ್ರಗಳ ಪರೀಕ್ಷೆಯಲ್ಲೂ ಇದೆ. 427 ಮೀಟರ್ ಇಳಿತದಲ್ಲಿ ದಕ್ಷತೆ ಶೇ 1ರಷ್ಟು ಕುಸಿದರೆ ನೀರು ಡಿಗ್ರಿಯ ನೂರನೇ ಒಂದು ಭಾಗ ಬಿಸಿಯಾಗುತ್ತದೆ. ಅದನ್ನು ಹಿಡಿಯಲು ಅತಿ ಸೂಕ್ಷ್ಮ ತಾಪಮಾಪಕ ಬೇಕು, ಅಷ್ಟೆ.

ಪ್ರಶ್ನೆ: ಮಣ್ಣು ಅಗೆಯುವ ಯಂತ್ರ ಓಡಿಸುತ್ತೇನೆ. ಬಂಡೆಗೆ ಬಕೆಟ್ ಸಿಕ್ಕಿ ಲೀವರ್ ಹಿಡಿದೇ ಇದ್ದರೆ ಹೈಡ್ರಾಲಿಕ್ ಎಣ್ಣೆ ಬೇಗ ಕಾಯುತ್ತದೆ. ಯಂತ್ರ ಅಲುಗಾಡದಿದ್ದರೂ ಏಕೆ?
— ಆಪರೇಟರ್, ಗುಬ್ಬಿ

ಉತ್ತರ: ಅಲುಗಾಡದಿರುವುದರಿಂದಲೇ. ಎಣ್ಣೆಯ ಒತ್ತಡ ಬಾರ್‌ನಲ್ಲಿ, ಹರಿವು ನಿಮಿಷದ ಲೀಟರಿನಲ್ಲಿ ತೆಗೆದುಕೊಂಡು ಗುಣಿಸಿ, 600ರಿಂದ ಭಾಗಿಸಿದರೆ ಕಿಲೊವ್ಯಾಟ್ ಬರುತ್ತದೆ. 200 ಬಾರ್, 100 ಲೀಟರ್ ಎಂದಾದರೆ 33 ಕಿಲೊವ್ಯಾಟ್, ಸುಮಾರು 45 ಎಚ್‌ಪಿ. 200 ಬಾರ್ ಎಂದರೆ 2,040 ಮೀಟರ್ ನೀರಿನ ಎತ್ತರದ ಒತ್ತಡ, 253 ಮೀಟರಿನ ಜೋಗದಂತಹ ಎಂಟು ಜಲಪಾತಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು. ಬಕೆಟ್ ಚಲಿಸಿದರೆ ಆ ಸಾಮರ್ಥ್ಯ ಮಣ್ಣು ಎತ್ತುತ್ತದೆ. ಚಲಿಸದಿದ್ದರೆ ಎಣ್ಣೆ ರಿಲೀಫ್ ವಾಲ್ವಿನ ಸಂದಿಯಲ್ಲಿ ನುಗ್ಗಿ ಟ್ಯಾಂಕಿಗೆ ಮರಳುತ್ತದೆ. 45 ಎಚ್‌ಪಿಯೂ ಶಾಖವಾಗುತ್ತದೆ, ಗಂಟೆಗೆ 28,700 ಕಿಲೊಕ್ಯಾಲೊರಿಯಂತೆ. ಒಂದು ಸಲ ವಾಲ್ವ್ ದಾಟಿದರೆ ಎಣ್ಣೆ ಸುಮಾರು 12 ಡಿಗ್ರಿ ಏರುತ್ತದೆ. ನೀರಾಗಿದ್ದರೆ ಐದು ಡಿಗ್ರಿಯೂ ಏರುತ್ತಿರಲಿಲ್ಲ. ಎಣ್ಣೆಯ ಶಾಖಗ್ರಹಣ ನೀರಿನ ಅರ್ಧಕ್ಕಿಂತ ಕಡಿಮೆ. ಟ್ಯಾಂಕಿನಲ್ಲಿ 80 ಲೀಟರ್ ಇದ್ದರೆ, ಕೂಲರ್ ಲೆಕ್ಕಕ್ಕೆ ಹಿಡಿಯದೆ, ನಿಮಿಷಕ್ಕೆ 15 ಡಿಗ್ರಿ. ಬಂಡೆ ಅಲ್ಲಾಡದಿದ್ದರೆ ಲೀವರ್ ಬಿಟ್ಟು ಕೋನ ಬದಲಿಸಿ. ಎಣ್ಣೆಯ ಜೊತೆಗೆ ಸೀಲುಗಳೂ ಉಳಿಯುತ್ತವೆ.

ಪ್ರಶ್ನೆ: ಭತ್ತ ಕುದಿಸಲು ಹಳೆಯ ಬಾಯ್ಲರ್ ಕೊಂಡೆವು. ಫಲಕದಲ್ಲಿ 50 ಎಚ್‌ಪಿ ಎಂದಿದೆ. 50 ಎಚ್‌ಪಿ ಮೋಟಾರಿನಷ್ಟೇ ಎಂದುಕೊಂಡು ಸೌದೆ ಲೆಕ್ಕ ಹಾಕಿದರೆ ಸಾಲುತ್ತಲೇ ಇಲ್ಲ.
— ಅಕ್ಕಿ ಗಿರಣಿಯವರು, ತುಮಕೂರು

ಉತ್ತರ: ಅದು ಬೇರೆಯೇ ಎಚ್‌ಪಿ. ಗಂಟೆಗೆ 34.5 ಪೌಂಡ್, ಅಂದರೆ 15.65 ಕಿಲೋ ಕುದಿನೀರನ್ನು ಉಗಿ ಮಾಡುವ ಶಾಖಕ್ಕೆ ಒಂದು ಬಾಯ್ಲರ್ ಎಚ್‌ಪಿ ಎನ್ನುತ್ತಾರೆ. ಗಂಟೆಗೆ ಸುಮಾರು 8,440 ಕಿಲೊಕ್ಯಾಲೊರಿ, 9.81 ಕಿಲೊವ್ಯಾಟ್. ಮೋಟಾರಿನ ಎಚ್‌ಪಿಗಿಂತ 13 ಪಟ್ಟು ದೊಡ್ಡದು. ಹಿಂದೆ ಉಗಿಯಂತ್ರ ಒಂದು ಎಚ್‌ಪಿ ದುಡಿಯಲು ಇಷ್ಟು ಉಗಿ ನುಂಗುತ್ತಿದ್ದುದರಿಂದ ಬಂದ ಅಳತೆ ಇದು, ಆ ಕಾಲದ ಯಂತ್ರಗಳು ಶಾಖದ ಹದಿಮೂರನೇ ಒಂದು ಪಾಲನ್ನಷ್ಟೇ ದುಡಿಮೆಯಾಗಿಸುತ್ತಿದ್ದವು ಎಂಬುದಕ್ಕೆ ಸಾಕ್ಷಿಯೂ ಹೌದು. ನಿಮ್ಮ ಬಾಯ್ಲರ್ ಗಂಟೆಗೆ 780 ಕಿಲೋ ಉಗಿ ಕೊಡುವಂಥದು. ಸೌದೆಯ ಲೆಕ್ಕವನ್ನು 490 ಕಿಲೊವ್ಯಾಟ್ ಶಾಖಕ್ಕೆ ಹಾಕಿ, ಚಿಮಣಿಯಲ್ಲಿ ಹೋಗುವುದನ್ನು ಮೇಲೆ ಸೇರಿಸಿಕೊಳ್ಳಿ.

ಪ್ರಶ್ನೆ: ಒಂದೂವರೆ ಟನ್ ಎಸಿ ಎಂದರೆ ಏಳು ಎಚ್‌ಪಿ ಎಂದು ನನ್ನ ಲೆಕ್ಕಕ್ಕೆ ಬಂತು. ಮನೆಯ ವೈರಿಂಗ್ ತಡೆಯುತ್ತದೆಯೆ?
— ಗೃಹಿಣಿ, ತುಮಕೂರು

ಉತ್ತರ: ಲೆಕ್ಕ ಸರಿ ಇದೆ, ಹೆದರಿಕೆ ಬೇಡ. ಟನ್ನಿಗೆ ಗಂಟೆಗೆ 12,000 ಬಿಟಿಯು, ಒಂದೂವರೆಗೆ 18,000, ಅಂದರೆ 5.3 ಕಿಲೊವ್ಯಾಟ್. ಅದು ಕೋಣೆಯಿಂದ ಹೊರಗೆ ಸಾಗಿಸುವ ಶಾಖ. ಸಾಗಿಸುವ ಕೂಲಿಯಾಗಿ ಎಸಿ ಎಳೆಯುವ ವಿದ್ಯುತ್ ಸುಮಾರು ಒಂದೂವರೆ ಕಿಲೊವ್ಯಾಟ್. ಆದರೂ ಅದಕ್ಕೆ ಪ್ರತ್ಯೇಕ ತಂತಿ ಮತ್ತು ಎಂಸಿಬಿ ಹಾಕಿಸಿ.

ಪ್ರಶ್ನೆ: ಜೋಗದ ಬುಡದಲ್ಲಿ ನೀರು ಬಿಸಿ ಇರುತ್ತದೆಯೆ?
— ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಕುಣಿಗಲ್

ಉತ್ತರ: ನಿನ್ನ ಪ್ರಶ್ನೆಯನ್ನೇ ಇಂಗ್ಲೆಂಡಿನ ಜೇಮ್ಸ್ ಜೌಲ್ ಕೇಳಿಕೊಂಡಿದ್ದರು. 1847ರಲ್ಲಿ ಮದುವೆಯಾದ ಹೊಸತರಲ್ಲಿ ಆಲ್ಪ್ಸ್ ಪರ್ವತದ ಕಡೆ ಹೋದಾಗಲೂ ಜಲಪಾತದ ತಾಪ ಅಳೆಯಲು ತಾಪಮಾಪಕ ಹಿಡಿದಿದ್ದರೆಂದು ಅವರ ಗೆಳೆಯ ವಿಲಿಯಂ ಥಾಮ್ಸನ್ ನೆನಪಿಸಿಕೊಂಡಿದ್ದಾರೆ. ನೀರು 427 ಮೀಟರ್ ಬಿದ್ದರೆ ಒಂದು ಡಿಗ್ರಿ ಏರಬೇಕು. ಜೋಗ 253 ಮೀಟರ್, ಆದ್ದರಿಂದ 0.6 ಡಿಗ್ರಿಗೆ ಸ್ವಲ್ಪ ಕಡಿಮೆ. ಆದರೆ ಬೀಳುತ್ತಾ ನೀರು ತುಂತುರಾಗುತ್ತದೆ, ಒಂದಷ್ಟು ಆವಿಯಾಗುತ್ತದೆ. ಒಂದು ಕಿಲೋ ನೀರು ಆವಿಯಾಗಲು ಸುಮಾರು 580 ಕಿಲೊಕ್ಯಾಲೊರಿ ಬೇಕು. ಹಾಗಾಗಿ ಸಾವಿರದಲ್ಲಿ ಒಂದೇ ಭಾಗ ಆವಿಯಾದರೂ ಉಳಿದ ನೀರು 0.58 ಡಿಗ್ರಿ ತಣ್ಣಗಾಗಿ, ಬಿದ್ದು ಬಂದ ಬಿಸಿಯೆಲ್ಲ ಅಳಿಸಿಹೋಗುತ್ತದೆ. ಬುಡದಲ್ಲಿ ನಿಂತರೆ ತಂಪೇ ಅನಿಸುವುದು ಅದಕ್ಕೆ.

ಪ್ರಶ್ನೆ: ಬೇಸಿಗೆಯಲ್ಲಿ ಮಾರ್ಕೋನಹಳ್ಳಿ ಹಿನ್ನೀರು ಬಿಸಿಲಿಗೆ ಆರುವುದನ್ನು ಕಣ್ಣಾರೆ ನೋಡುತ್ತೇವೆ. ಆ ಬಿಸಿಲನ್ನು ಎಚ್‌ಪಿಯಲ್ಲಿ ಹೇಳಲು ಬರುತ್ತದೆಯೆ?
— ನಿವೃತ್ತ ಶಿಕ್ಷಕರು, ಎಡಿಯೂರು

ಉತ್ತರ: ಬರುತ್ತದೆ, ಈ ಲೆಕ್ಕ ಹಾಕುವಾಗ ನನಗೆ ಪ್ರತಿಸಲವೂ ರೋಮಾಂಚನವಾಗುತ್ತದೆ. ದಿನಕ್ಕೆ 5 ಮಿಲಿಮೀಟರ್ ನೀರು ಆರುತ್ತದೆ ಎಂದಿಟ್ಟುಕೊಳ್ಳಿ. ಒಂದು ಹೆಕ್ಟೇರ್ ಮೇಲ್ಮೈಯಿಂದ 50,000 ಕಿಲೋ. ಕಿಲೋಗೆ 580 ಕಿಲೊಕ್ಯಾಲೊರಿಯಂತೆ ದಿನಕ್ಕೆ 2.9 ಕೋಟಿ ಕಿಲೊಕ್ಯಾಲೊರಿ. ಹಗಲು ರಾತ್ರಿ ಸಮನಾಗಿ ಹಂಚಿದರೆ 1,400 ಕಿಲೊವ್ಯಾಟ್, ಅಂದರೆ ಸುಮಾರು 1,900 ಎಚ್‌ಪಿ. ಅದೇ ಜಲಾಶಯದಿಂದ 100 ಕ್ಯುಸೆಕ್ ನೀರು ಇಡೀ ದಿನ 10 ಮೀಟರ್ ಬೀಳುತ್ತಿದ್ದರೂ ಸಿಗುವುದು 278 ಕಿಲೊವ್ಯಾಟ್, ಸುಮಾರು 370 ಎಚ್‌ಪಿ. ಒಂದು ಹೆಕ್ಟೇರ್ ನೀರು ಆರಿಸಲು ಹೋಗುವ ಶಾಖ ಅದರ ಐದು ಪಟ್ಟು.

ಇದರಿಂದ ಬಿಸಿಲಿನ ಆ 1,900 ಎಚ್‌ಪಿಯನ್ನು ಹಿಡಿದು ಪಂಪು ಓಡಿಸಬಹುದು ಎಂದು ಅರ್ಥ ಮಾಡಿಕೊಳ್ಳಬೇಡಿ. ಕೆರೆಯ ಮೇಲ್ಮೈಯ ಶಾಖ ಸುತ್ತಲ ಗಾಳಿಗಿಂತ ಕೆಲವೇ ಡಿಗ್ರಿ ಹೆಚ್ಚಿನ ಅಥವಾ ಕಡಿಮೆಯ ತಾಪದಲ್ಲಿರುತ್ತದೆ. 300 ಕೆಲ್ವಿನ್ ಆಸುಪಾಸಿನಲ್ಲಿ 3 ಡಿಗ್ರಿ ಅಂತರವಿದ್ದರೆ ಅತ್ಯುತ್ತಮ ಯಂತ್ರವೂ ನೂರರಲ್ಲಿ ಒಂದು ಭಾಗವನ್ನಷ್ಟೇ ದುಡಿಮೆಯಾಗಿಸಬಲ್ಲದು. 1,900ರಲ್ಲಿ 19 ಎಚ್‌ಪಿ. ಅದೇ ಬಿಸಿಲನ್ನು ನೀರಿಗೆ ಬೀಳುವ ಮೊದಲೇ ಸೌರಫಲಕದ ಮೇಲೆ ಹಿಡಿದರೆ ಐದನೇ ಒಂದು ಭಾಗದಷ್ಟು ವಿದ್ಯುತ್ ಆಗುತ್ತದೆ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೌರಪಾರ್ಕ್ ನಿಂತಿರುವುದು ಹಾಗೆ. ನೀರಿನ ಮೇಲೆ ತೇಲುವ ಫಲಕಗಳನ್ನು ಹಾಸಿದರೆ ಅವುಗಳ ಅಡಿಯ ನೀರು ಆರುವುದೂ ಕಡಿಮೆಯಾಗುತ್ತದೆ. ಮಾರ್ಕೋನಹಳ್ಳಿಯಂತಹ ನೀರಾವರಿ ಜಲಾಶಯದ ಮಟ್ಟಿಗೆ ಟರ್ಬೈನಿಗಿಂತ ಮೊದಲು ವಿಚಾರ ಮಾಡಬೇಕಾದದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ. ಮೀನುಗಾರರ ಬಲೆಗೂ ದೋಣಿಗೂ ಎಷ್ಟು ಜಾಗ ಬಿಡಬೇಕೆಂಬುದನ್ನು ಅವರನ್ನೇ ಕೂರಿಸಿಕೊಂಡು ತೀರ್ಮಾನಿಸಬೇಕು.